ಹನ್ನೊಂದು ಗಂಟೆಯ ಸಭೆ

೨೦೦೭ರ ಮಾರ್ಚ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸ್ಥಳ: ರಾಜಾಜಿನಗರದಲ್ಲಿ ನಾವು ಅರ್ಧ ದಿನಕ್ಕೆ ಬಾಡಿಗೆಗೆ ಪಡೆದಿದ್ದ ಸಭಾಂಗಣ. ಹಾಜರಿದ್ದವರು: ಟ್ರಸ್ಟಿನ ಕಾರ್ಯದರ್ಶಿಯಾಗಿ ನಾನು, ನಮ್ಮ ಕ್ಷೇತ್ರ ಕಾರ್ಯಕರ್ತೆ, ನಮಗೆ ಧನಸಹಾಯ ಕೊಡುವ ನಿಧಿಯ ದೆಹಲಿ ಕಚೇರಿಯಿಂದ ಬಂದ ಅಧಿಕಾರಿ, ಮತ್ತು ಸದಸ್ಯರು ಮೂವರು. ಬರಬೇಕಾಗಿದ್ದ ಸದಸ್ಯರು ಇಪ್ಪತ್ತನಾಲ್ಕು.

ಆರಾರು ಕುರ್ಚಿಗಳ ಐದು ಸಾಲು ಹಾಕಿಸಿದ್ದೆ. ಹತ್ತೂಕಾಲಿಗೆ ಎಲ್ಲ ಸಿದ್ಧವಾಗಿತ್ತು: ಹಾಜರಿ ಪುಸ್ತಕ, ಎರಡು ಪೆನ್ನು, ಕುಡಿಯುವ ನೀರು, ಕಾರ್ಯಸೂಚಿಯ ಪ್ರತಿಗಳು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ವಾರ್ಡಿನಲ್ಲಿ ಆರು ಗಂಟೆ ಎಂದರೆ ಆರು ಗಂಟೆ. ಟ್ರಸ್ಟಿನ ಸಭೆಗಳನ್ನೂ ಹಾಗೆಯೇ ನಡೆಸುತ್ತಿದ್ದೆ: ಪ್ರತಿ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ.

ಹನ್ನೊಂದೂ ಹತ್ತಾಯಿತು. ನಾನು ಬಾಗಿಲಿಗೂ ಮೇಜಿಗೂ ನಡುವೆ ಓಡಾಡುತ್ತಿದ್ದೆ. ಹನ್ನೊಂದೂ ಕಾಲು. ಮುಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಸದಸ್ಯರೊಬ್ಬರು ತಿರುಗಿ ಹಿಂದಿನ ಸಾಲುಗಳ ಕಡೆ ನೋಡಿದರು. ಅವರದು ವಿಜಯನಗರ ಬಸ್ ನಿಲ್ದಾಣದ ಹತ್ತಿರ ಎಸ್‌ಟಿಡಿ ಬೂತ್.

"ಸಿಸ್ಟರ್, ಕುರ್ಚಿಗಳದ್ದು ಮಾತ್ರ ಫುಲ್ ಅಟೆಂಡೆನ್ಸ್," ಎಂದರು.

ನನಗೆ ನಗು ಬರಲಿಲ್ಲ. "ನೀವು ಸಮಯಕ್ಕೆ ಬಂದಿದ್ದೀರಲ್ಲ, ಉಳಿದವರಿಗೇನು ಕಷ್ಟ?" ಎಂದೆ.

"ನಾನು ಎಂಟಕ್ಕೇ ಬಂದ್ಬಿಟ್ಟೆ ಸಿಸ್ಟರ್. ಪಕ್ಕದ ಹೋಟೆಲಲ್ಲಿ ಮೂರು ಕಾಫಿ ಕುಡ್ದೆ."

ಶಿಸ್ತು ಎಂದರೆ ಇದು ಎಂದುಕೊಂಡೆನೇ ಹೊರತು, ಹನ್ನೊಂದರ ಸಭೆಗೆ ಎಂಟಕ್ಕೆ ಬರುವುದೇಕೆ ಎಂದು ಕೇಳಲಿಲ್ಲ.

ನಮ್ಮ ಸದಸ್ಯರೆಲ್ಲ ಆಲ್ಬಿನಿಸಂ ಇರುವವರು. ಹುಟ್ಟಿನಿಂದಲೇ ಚರ್ಮಕ್ಕೆ, ಕೂದಲಿಗೆ, ಕಣ್ಣಿಗೆ ಬಣ್ಣ ಇರುವುದಿಲ್ಲ. ದೃಷ್ಟಿ ಮಂದ, ಜೋರು ಬೆಳಕು ಕಣ್ಣಿಗೆ ಚುಚ್ಚುತ್ತದೆ. ಬಿಸಿಲು ತಾಗಿದರೆ ಚರ್ಮ ಸುಡುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದಲ್ಲ. ಇಂಥವರ ಮಾನವ ಹಕ್ಕುಗಳ ರಕ್ಷಣೆಗೆಂದೇ ಹೊರದೇಶದ ಒಂದು ನಿಧಿ ನಮಗೆ ಒಂದು ವರ್ಷದ ನೆರವು ಕೊಟ್ಟಿತ್ತು. ಆ ತಿಂಗಳ ಕೊನೆಗೆ ಅದು ಮುಗಿಯುತ್ತಿತ್ತು. ಎರಡನೆಯ ವರ್ಷಕ್ಕೆ ಮುಂದುವರಿಯಲು ಒಂದೇ ಷರತ್ತು. ನೆರವನ್ನು ಯಾವುದಕ್ಕೆ ಬಳಸಬೇಕೆಂದು ಸದಸ್ಯರೇ ಸಭೆ ಸೇರಿ ನಿರ್ಧರಿಸಬೇಕು, ಅರ್ಧದಷ್ಟಾದರೂ ಜನ ಇರಬೇಕು, ನಿಧಿಯ ಅಧಿಕಾರಿ ಎದುರಿಗೆ ಕೂತು ನೋಡಬೇಕು.

ನೆರವು ನಿಂತರೆ ಮೊದಲ ಪೆಟ್ಟು ಯಾರಿಗೆ ಬೀಳುತ್ತದೆಂದು ನನಗೆ ಗೊತ್ತಿತ್ತು. ಹೆಗ್ಗನಹಳ್ಳಿಯ ಒಬ್ಬ ಹೆಣ್ಣುಮಗಳು, ವಯಸ್ಸು ಇಪ್ಪತ್ತೆಂಟು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿದ ಬಟ್ಟೆ ಪರೀಕ್ಷಿಸುವ ಕೆಲಸದಲ್ಲಿದ್ದಳು. ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಳು. ತಪ್ಪಿದ ಒಂದು ಹೊಲಿಗೆಯೂ ಅವಳ ಕೈ ದಾಟಿ ಹೋಗುತ್ತಿರಲಿಲ್ಲವಂತೆ. ಆದರೆ ಪಕ್ಕದಲ್ಲಿ ಕೂರುವವರು ‘ನಮಗೂ ಅಂಟುತ್ತೆ’ ಎಂದು ದೂರು ಕೊಟ್ಟರು. ಹೊರದೇಶದ ಬೈಯರ್‌ಗಳು ಬಂದ ದಿನ ಅವಳನ್ನು ಸ್ಟೋರ್ ರೂಮಿನೊಳಗೆ ಕೂರಿಸಿದರು. ಯಾಕೆ ಎಂದು ಕೇಳಿದಳು. ಮುಂದಿನ ವಾರ ಗೇಟಿನಲ್ಲೇ ತಡೆದರು. ನಿಧಿಯ ನೆರವಿನಿಂದ ನಾವು ಒಬ್ಬ ವಕೀಲರನ್ನು ಹಿಡಿದು ಕಾರ್ಮಿಕ ಇಲಾಖೆಯಲ್ಲಿ ದೂರು ದಾಖಲಿಸಿದ್ದೆವು. ಗುರುವಾರ ವಿಚಾರಣೆ ಇತ್ತು. ಏಪ್ರಿಲ್ ಬಂದರೆ ವಕೀಲರೂ ಇಲ್ಲ, ಕೇಸೂ ಇಲ್ಲ. ಅಂಥವಳೇ ಆ ದಿನ ಸಭೆಗೆ ಬಂದಿರಲಿಲ್ಲ.

ಅಧಿಕಾರಿ ಮಂಗಳೂರು ಕಡೆಯವರು, ನಲವತ್ತರ ಆಸುಪಾಸು. ಹನ್ನೊಂದೂವರೆಗೆ ಗಡಿಯಾರ ನೋಡಿದರು.

"ಮೇಡಂ, ಹನ್ನೆರಡು ಜನ ಇಲ್ಲದೆ ಇದನ್ನು ಸಭೆ ಅಂತ ಬರೀಲಿಕ್ಕೆ ಆಗುದಿಲ್ಲ."

"ನಿಮ್ಮ ರೈಲು ಎಷ್ಟು ಹೊತ್ತಿಗೆ?"

"ರಾತ್ರಿ ಹತ್ತಕ್ಕೆ. ಚೆನ್ನೈಗೆ ಹೋಗ್ಬೇಕು. ಪುನಃ ಬರ್ಲಿಕ್ಕೆ ಈ ತಿಂಗಳಲ್ಲಿ ಸಾಧ್ಯ ಇಲ್ಲ."

"ಇವತ್ತೇ ಸೇರಿಸುತ್ತೇನೆ," ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ. ಅವರನ್ನು ಬೂತಿನ ಸದಸ್ಯರ ಜೊತೆ ಆಟೋದಲ್ಲಿ ವಿಜಯನಗರದಲ್ಲಿದ್ದ ನಮ್ಮ ಕಚೇರಿಗೆ ಕಳಿಸಿ, ಕಡತಗಳನ್ನು ನೋಡುತ್ತಿರಿ ಎಂದು ಹೇಳಿ, ಕಾರ್ಯಕರ್ತೆಯನ್ನು ಕರೆದುಕೊಂಡು ಆಟೋ ಹತ್ತಿದೆ. ಸಿಟ್ಟು ಬಂದಿತ್ತು. ದಾರಿಯುದ್ದಕ್ಕೂ ಆಟೋದ ಕಂಬಿ ಹಿಡಿದು ಮುಂದಕ್ಕೆ ಬಾಗಿಯೇ ಕೂತಿದ್ದೆ. ಮಾಗಡಿ ರಸ್ತೆಯ ಸಿಗ್ನಲ್ಲುಗಳಲ್ಲೆಲ್ಲ ನಿಂತೆವು. ಕಾರ್ಯಕರ್ತೆ ಗದಗಿನವಳು, ನಲವತ್ತರ ಹೆಂಗಸು. ಗಂಡ ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದವಳು. ಮಾತು ಹೆಚ್ಚು. ಆ ದಿನ ಆಟೋದಲ್ಲಿ ಮಾತ್ರ ಹಾಜರಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತ ಕೂತಿದ್ದಳು.

ಹೆಗ್ಗನಹಳ್ಳಿಯಲ್ಲಿ ಆಟೋ ಇಳಿದಾಗ ಹನ್ನೆರಡೂಕಾಲು. ಅಂಗಡಿಗಳ ಮುಂದೆ ಒಂದಂಗುಲವೂ ನೆರಳಿರಲಿಲ್ಲ. ಆ ಹೆಣ್ಣುಮಗಳ ಮನೆ ಸಿಮೆಂಟ್ ಶೀಟಿನ ಒಂದೇ ಕೋಣೆ. ಬಾಗಿಲಿಗೆ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಪರದೆ ಕಟ್ಟಿದ್ದರು. ಒಳಗೆ ಅವಳೂ ಅವಳ ತಾಯಿಯೂ ಕೂತು, ಹೊಲಿದ ಷರ್ಟುಗಳಿಂದ ಹೆಚ್ಚುವರಿ ದಾರ ಕತ್ತರಿಸುತ್ತಿದ್ದರು.

ಕೂರುವ ಮೊದಲೇ ಕೇಳಿದೆ. "ಸಭೆಗೆ ಯಾಕಮ್ಮಾ ಬರಲಿಲ್ಲ? ನಿನ್ನ ಕೇಸಿನ ವಿಷಯ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು ಮೇಡಮ್."

"ಮತ್ತೆ?"

ಅವಳು ಎದ್ದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಒಂದು ಕಾಗದ ತೆಗೆದಳು. ನಮ್ಮ ಟ್ರಸ್ಟಿನದೇ ಕರಪತ್ರ. ಕಾಗದ ಉಳಿಯಲೆಂದು ಎರಡೂ ಬದಿಗೆ ನಾನೇ ಬರೆದು ಅಚ್ಚು ಹಾಕಿಸಿದ್ದು. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು.

"‘ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಯಾವ ಕಾರಣಕ್ಕೂ ಬಿಸಿಲಿಗೆ ಹೋಗಬಾರದು.’ ಇದು ಈ ಕಡೆ." ಕಾಗದ ತಿರುಗಿಸಿದಳು. "‘ಎರಡನೆಯ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಹಾಜರಿರತಕ್ಕದ್ದು.’ ಇದು ಆ ಕಡೆ. ನಾನು ಯಾವ ಕಡೆ ಕೇಳ್ಲಿ ಮೇಡಮ್?"

ಅವಳ ತಾಯಿ ದಾರ ಕತ್ತರಿಸುತ್ತಲೇ ಹೇಳಿದರು: "ಡಿಸೆಂಬರ್‌ನಾಗೆ ಬಂದಿದ್ಲಲ್ಲಮ್ಮ ಸಭೆಗೆ. ಎರಡು ಬಸ್ಸು ಬದಲಾಯಿಸ್ಕೊಂಡು. ಕುತ್ತಿಗೆ ಎಲ್ಲಾ ಬೊಬ್ಬೆ ಎದ್ದೋಗಿತ್ತು. ಹತ್ತು ನಿಮಿಷ ಲೇಟು ಅಂತ ನೀವು ಬೇರೆ ಬೈದ್ರಂತೆ."

ಬೈದದ್ದು ನಿಜ. ಲೇಟಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳುವುದು ನನ್ನ ಅಭ್ಯಾಸವಾಗಿತ್ತು. ಕೆಂಪಾಗಿದ್ದ ಕುತ್ತಿಗೆಯನ್ನೂ ನಾನು ಕಂಡಿದ್ದೆ. ಲೇಪನ ಯಾವುದು, ದಿನಕ್ಕೆ ಎಷ್ಟು ಸಲ ಎಂದು ಚೀಟಿ ಬರೆದು ಕೊಟ್ಟಿದ್ದೆ. ಸುಟ್ಟದ್ದಕ್ಕೆ ಔಷಧ ಹೇಳಿದೆ, ಸುಟ್ಟದ್ದು ಯಾಕೆ ಎಂದು ಯೋಚಿಸಲಿಲ್ಲ.

ಕಾರ್ಯಕರ್ತೆಯ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತಾ ಇದು?"

"ಒಂದ್ಸಲ ಹೇಳಿದ್ನಿರೀ ಮೇಡಮ್. ‘ಹನ್ನೊಂದಕ್ಕ ಬರಲಾರದವರು ಯಾವತ್ತೂ ಬರಂಗಿಲ್ಲ’ ಅಂದ್ರಿ ನೀವು. ಮತ್ತ ಹೇಳ್ಲಿಲ್ಲ."

ಹೊರಗೆ ಬಂದೆವು. ಆಟೋದವನು ಇಂಜಿನ್ ಆರಿಸದೆ ಕಾಯುತ್ತಿದ್ದ. ಕಾರ್ಯಕರ್ತೆ ದನಿ ತಗ್ಗಿಸಿ ಒಂದು ದಾರಿ ಹೇಳಿದಳು.

"ಹಾಜರಿ ಪುಸ್ತಕ ನಮ್ಮ ಕಡೇನ ಅದರೀ. ಮನಿ ಮನಿಗೆ ಹೋಗಿ ಸಹಿ ಹಾಕಿಸ್ಕೊಂಡು ಬರೋಣ್ರೀ. ಎಲ್ಲಾರೂ ಹಾಕ್ತಾರ. ಬಂದು ಹೋದ್ರು ಅಂತ ಸಾಹೇಬ್ರಿಗೆ ಹೇಳಿದ್ರಾತು."

ಆಗದ ಕೆಲಸವೇನಲ್ಲ ಅದು. ಸಂಜೆ ಐದರೊಳಗೆ ಹನ್ನೆರಡಲ್ಲ, ಇಪ್ಪತ್ತು ಸಹಿ ಸಿಗುತ್ತಿದ್ದವು. ಅಧಿಕಾರಿಯೂ ಕೆಟ್ಟವರಲ್ಲ, ಬಹುಶಃ ಒಪ್ಪುತ್ತಿದ್ದರು. ಅರ್ಧ ನಿಮಿಷ ನಾನೂ ಲೆಕ್ಕ ಹಾಕಿದೆ ಎಂದು ಒಪ್ಪಿಕೊಳ್ಳಬೇಕು. ಆದರೆ ಥರ್ಮಾಮೀಟರ್ ಇಡದೆ ಜ್ವರ ಬರೆದ ನರ್ಸುಗಳನ್ನು ನಾನು ನನ್ನ ಕಾಲದಲ್ಲಿ ವಾರ್ಡಿನಿಂದ ಹೊರಗೆ ಕಳಿಸಿದ್ದೆ. ಅದಕ್ಕಿಂತ ಹೆಚ್ಚಾಗಿ, ಈ ಜನ ಸೇರಿ ಕೂತು ಮಾತಾಡಿರಲೇ ಇಲ್ಲ. ಒಂದು ವರ್ಷ ನಾನು ಮಾತಾಡಿದ್ದೆ, ಬಂದ ಮೂರು ನಾಲ್ಕು ಜನ ಕೇಳಿದ್ದರು.

"ಸಹಿ ಬೇಡ," ಎಂದೆ. "ಬಿಸಿಲು ಇಳಿದ ಮೇಲೆ ಸಭೆ. ಇಲ್ಲೇ, ಹೆಗ್ಗನಹಳ್ಳಿಯಲ್ಲೇ. ಹೆಚ್ಚಿನವರು ಈ ಸುತ್ತಲಿನವರೇ ತಾನೆ? ನೀನು ಜಾಗ ಹುಡುಕು. ನಾನು ಅಧಿಕಾರಿಗೆ ಹೇಳಿ ಬರುತ್ತೇನೆ."

"ಏನಂತ ಹೇಳ್ತೀರಿ ಮೇಡಮ್?"

"ಇದ್ದದ್ದು."

ಒಂದೂವರೆಗೆ ಕಚೇರಿ ಸೇರಿದಾಗ ಅಧಿಕಾರಿಯ ಮುಂದೆ ನನ್ನ ಮೂರು ತ್ರೈಮಾಸಿಕ ವರದಿಗಳು ತೆರೆದಿದ್ದವು. ಮೂರರಲ್ಲೂ ಹಾಜರಾತಿಯ ಅಂಕಣದ ಕೆಳಗೆ ನನ್ನದೇ ಅಕ್ಷರ: ‘ಸದಸ್ಯರಲ್ಲಿ ಶಿಸ್ತು ಮತ್ತು ಆಸಕ್ತಿಯ ಕೊರತೆ ಕಂಡುಬರುತ್ತಿದೆ.’ ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಕರಪತ್ರದ ಎರಡೂ ಬದಿ ತೋರಿಸಿದೆ. ಅವರು ಒಂದು ಬದಿ ಓದಿದರು, ತಿರುಗಿಸಿ ಇನ್ನೊಂದು ಬದಿ ಓದಿದರು, ನಕ್ಕೇಬಿಟ್ಟರು.

"ಎಂಥದು ಮಾರಾಯ್ರೆ ಇದು!" ಎಂದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನಿಮಗೆ ಒಂದು ವಿಷಯ ಹೇಳ್ಬೇಕು ಮೇಡಂ. ನಿಮ್ಮ ಈ ವಾಕ್ಯ ನೋಡಿಯೇ ದೆಹಲಿಯಲ್ಲಿ ನೆರವು ನಿಲ್ಲಿಸುವ ಅಂತ ಹೆಚ್ಚುಕಮ್ಮಿ ತೀರ್ಮಾನ ಆಗಿದೆ. ಜನರಿಗೇ ಬೇಡದಿದ್ದರೆ ನಾವು ಯಾಕೆ ಕೊಡುದು ಅಂತ. ನನ್ನನ್ನು ಕಳಿಸಿದ್ದು ಕಡೆಗೊಮ್ಮೆ ನೋಡಿ ಬಾ ಅಂತ ಮಾತ್ರ."

ಕೂತೆ. ಆ ಕಾರ್ಖಾನೆಯ ಗೇಟು ಅವಳನ್ನು ತಡೆಯಿತೆಂದು ನಾವು ಇಲಾಖೆಗೆ ದೂರು ಬರೆದಿದ್ದೆವು. ಇಲ್ಲಿ ಅವಳ ಕೇಸಿನ ಬಾಗಿಲು ಮುಚ್ಚುತ್ತಿದ್ದದ್ದು ನನ್ನ ಅಕ್ಷರ. ಮೂರೂ ವರದಿಗಳನ್ನು ಎಳೆದುಕೊಂಡು ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ‘ಸಭೆಯ ಸಮಯವನ್ನು ಸದಸ್ಯರಿಗೆ ಬಿಸಿಲಿನಿಂದ ಹಾನಿಯಾಗುವ ಹೊತ್ತಿಗೆ ಇಡಲಾಗಿತ್ತು. ತಪ್ಪು ಕಾರ್ಯದರ್ಶಿಯದು.’ ಮೂರಕ್ಕೂ ಸಹಿ ಹಾಕಿ ದಿನಾಂಕ ಬರೆದೆ. ಅಧಿಕಾರಿ ಮೂರನ್ನೂ ಓದಿ, "ಸಂಜೆ ಬರ್ತೇನೆ, ಎಂಟು ಮುಕ್ಕಾಲಿನವರೆಗೆ ಮಾತ್ರ," ಎಂದರು.

ಎರಡೂಕಾಲಿಗೆ ಬೆಳಿಗ್ಗೆಯ ಕಪ್ಪು ಕನ್ನಡಕದವರ ಎಸ್‌ಟಿಡಿ ಬೂತಿನಲ್ಲಿದ್ದೆ. ಸದಸ್ಯರಲ್ಲಿ ಮೊಬೈಲ್ ಇದ್ದವರು ಐದಾರು ಜನ ಮಾತ್ರ. ಉಳಿದವರಿಗೆ ಪಕ್ಕದ ಮನೆ, ಎದುರಿನ ಅಂಗಡಿ, ಮಾಲೀಕರ ಮನೆಯ ಫೋನು. ನಾನು ಪಟ್ಟಿ ತೆಗೆದು ನಂಬರು ಓದತೊಡಗಿದೆ. ಬೂತಿನವರು ಕೈ ಅಡ್ಡ ಹಿಡಿದರು.

"ಪಟ್ಟಿ ಒಳಗಿಡಿ ಸಿಸ್ಟರ್. ಕಣ್ಣು ಅರ್ಧ ಕೊಟ್ಟ ದೇವ್ರು ನೆನಪು ಡಬಲ್ ಕೊಟ್ಟವ್ನೆ."

ಇಪ್ಪತ್ತು ನಂಬರುಗಳನ್ನೂ ಬೆರಳಿನ ಅಭ್ಯಾಸದಿಂದಲೇ ಒತ್ತಿದರು. ಮೊದಲ ಮೂರು ಕರೆಗಳಲ್ಲಿ ನಾನು ಮಾತಾಡಿದೆ. "ಸಂಜೆ ಆರು ಮುಕ್ಕಾಲಿಗೆ ಸರಿಯಾಗಿ..." ಎನ್ನುತ್ತಿದ್ದಂತೆ ಆ ಕಡೆಯವರು ‘ನೋಡ್ತೀವಿ ಮೇಡಮ್’ ಎಂದು ಇಟ್ಟುಬಿಡುತ್ತಿದ್ದರು. ನಾಲ್ಕನೆಯದಕ್ಕೆ ಬೂತಿನವರು ರಿಸೀವರ್ ಕಸಿದುಕೊಂಡರು.

"ಲೇ, ನಾನು ಕಣೋ. ಇವತ್ತು ಸಂಜೆ ಹೆಗ್ಗನಹಳ್ಳಿಗೆ ಬಾ. ಬಿಸ್ಲು ಹೋದ್ಮೇಲೆ. ಹೂಂ, ಸಿಸ್ಟರೇ ಹೇಳಿದ್ದು. ನಂಬಲ್ವಾ? ಇಲ್ಲೇ ನಿಂತವ್ರೆ. ಇಲ್ಲ ಕಣೋ, ಬೈಯಲ್ಲ. ನಾನು ಗ್ಯಾರಂಟಿ."

ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ನಾಲ್ಕು ಗಂಟೆಗೆ ಕರೆಗಳು ಮುಗಿದವು. ಒಂಬತ್ತು ಜನ ಬರುತ್ತೇವೆಂದರು, ನಾಲ್ವರು ನೋಡೋಣವೆಂದರು. ಉಳಿದವರು ಫೋನಿಗೆ ಸಿಗಲಿಲ್ಲ.

ಕಾರ್ಯಕರ್ತೆ ಹುಡುಕಿದ್ದ ಜಾಗ ಒಂದು ಹೊಲಿಗೆ ತರಬೇತಿ ಕೇಂದ್ರದ ನೆಲಮಹಡಿ. ಊರಿನ ಹಳೆಯ ಗೌಡರೊಬ್ಬರ ಕಟ್ಟಡ, ಆರರ ಮೇಲೆ ಖಾಲಿ ಇರುತ್ತಿತ್ತು. ಆರೂವರೆಗೆ ನಾನೂ ಅಧಿಕಾರಿಯೂ ಅಲ್ಲಿದ್ದೆವು. ನಾನು ಹೋದ ಕೂಡಲೇ ಎಲ್ಲ ಟ್ಯೂಬ್‌ಲೈಟ್ ಹಾಕಿಸಿದೆ. ಮೊದಲು ಬಂದ ಗಾರ್ಮೆಂಟ್ಸ್ ಹೆಣ್ಣುಮಗಳು ಬಾಗಿಲಲ್ಲೇ ಕಣ್ಣಿಗೆ ಕೈ ಅಡ್ಡ ಹಿಡಿದಳು. ನಾನು ಕೇಳುವ ಮೊದಲೇ ಕಾರ್ಯಕರ್ತೆ ಎರಡು ದೀಪ ಆರಿಸಿದಳು.

ಆರು ಮುಕ್ಕಾಲಿಗೆ ಏಳು ಜನ. ಏಳಕ್ಕೆ ಹತ್ತು. ಏಳೂ ಐದಕ್ಕೆ ಹನ್ನೊಂದು. ಅಲ್ಲಿಗೆ ನಿಂತಿತು. ನಾನು ರಸ್ತೆಗೆ ಹೋಗಿ ನಿಲ್ಲುವುದು, ಒಳಗೆ ಬಂದು ಎಣಿಸುವುದು, ಮತ್ತೆ ರಸ್ತೆಗೆ. ಅಧಿಕಾರಿ ಎಂಟು ಮುಕ್ಕಾಲಿಗೆ ಹೊರಡಲೇಬೇಕಿತ್ತು. ಏಳೂ ಇಪ್ಪತ್ತಕ್ಕೆ ಆಟೋ ಒಂದು ಬಂದು ನಿಂತಿತು. ಪೇಂಟ್ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಸದಸ್ಯ ಇಳಿದ. ಜೊತೆಗೆ ಕಾಲೇಜು ಓದುವ ಅವನ ತಂಗಿ. ಇಬ್ಬರೂ ಪಟ್ಟಿಯಲ್ಲಿದ್ದವರೇ.

"ಸಾರಿ ಮೇಡಮ್, ಬಸ್ ಬೋರ್ಡು ಕಾಣ್ಲಿಲ್ಲ. ಹತ್ತಿ ಕೂತ್ಮೇಲೆ ಗೊತ್ತಾಯ್ತು, ಅದು ಪೀಣ್ಯಕ್ಕೆ ಹೋಗೋದು ಅಂತ. ಆಟೋದವ್ನು ನಮ್ಮನ್ನ ನೋಡಿ ಫಾರಿನ್ನೋರು ಅಂತ ಡಬಲ್ ಕೇಳ್ದ."

ಒಳಗಿನಿಂದ ಬೂತಿನವರ ದನಿ: "ಕನ್ನಡದಲ್ಲಿ ಬೈದೆ ತಾನೆ?"

"ಬೈದೆ ಅಣ್ಣ. ಆಮೇಲೆ ಮೀಟರ್ ಹಾಕ್ದ."

ಎಲ್ಲರೂ ನಕ್ಕರು. ಹದಿಮೂರು ಜನ. ಏಳೂ ಇಪ್ಪತ್ತೈದಕ್ಕೆ ಸಭೆ ಆರಂಭವಾಯಿತೆಂದು ಬರೆದೆ.

ಅಧ್ಯಕ್ಷತೆ ಯಾರದೆಂದು ಅಧಿಕಾರಿ ಕೇಳಿದರು. ಅಭ್ಯಾಸಬಲದಿಂದ ಮೇಜಿನ ಹಿಂದೆ ಕೂತಿದ್ದ ನಾನು ಎದ್ದೆ. ಸದಸ್ಯರೆಲ್ಲ ಸೇರಿ ಬೂತಿನವರನ್ನು ಅಲ್ಲಿ ಕೂರಿಸಿದರು. ನನ್ನ ಕಾರ್ಯಸೂಚಿಯಲ್ಲಿ ಮೂರು ಅಂಶಗಳಿದ್ದವು: ಟೋಪಿ ಹಂಚುವುದು, ಬಿಸಿಲಿನ ಕ್ರೀಮು ಹಂಚುವುದು, ಕಣ್ಣಿನ ತಪಾಸಣಾ ಶಿಬಿರ. ಓದಿದೆ. ಯಾರೂ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಕಡೆಗೆ ಬೂತಿನವರು ಗಂಟಲು ಸರಿಮಾಡಿಕೊಂಡರು.

"ಟೋಪಿ ಬೇಡ ಅಂತಲ್ಲ ಸಿಸ್ಟರ್. ಟೋಪಿ ಹಾಕ್ಕೊಂಡು ಹೋಗಕ್ಕೆ ಒಂದು ಕೆಲಸ ಬೇಕಲ್ಲ. ಮೊದ್ಲು ಈ ಹುಡುಗಿ ಕೇಸು. ಏನಂತೀರಪ್ಪ?"

ಕೈಗಳು ಎದ್ದವು. ಆದರೆ ಅಧಿಕಾರಿ ತಲೆ ಆಡಿಸಿದರು. "ಒಬ್ಬರ ಕೇಸಿಗೆ ಅಂತ ಬರೆದರೆ ಮೇಲೆ ಒಪ್ಪುದಿಲ್ಲ. ಇದು ಎಲ್ಲರ ಹಕ್ಕಿನ ಕಾರ್ಯಕ್ರಮ. ಒಬ್ಬರ ಖರ್ಚಿಗೆ ಅಲ್ಲ. ನಿಯಮ ಹಾಗೆ ಉಂಟು."

ಗಾರ್ಮೆಂಟ್ಸ್ ಹೆಣ್ಣುಮಗಳು ತಲೆ ತಗ್ಗಿಸಿ ಕೂತಿದ್ದಳು. "ಬಿಡಿ ಸಾರ್," ಎಂದಳು. "ನಂದೊಬ್ಬಳದಕ್ಕೆ ಎಲ್ಲರದೂ ನಿಲ್ಲೋದು ಬೇಡ. ಟೋಪಿ ಅಂತಲೇ ಬರ್ಕೊಳ್ಳಿ."

"ಸುಮ್ನೆ ಕೂತ್ಕೊಳ್ಳಮ್ಮ ನೀನು," ಎಂದರು ಬೂತಿನವರು. "ನಿಂದೊಬ್ಬಳದು ಅಂತ ಯಾರು ಹೇಳಿದ್ದು? ಸಾರ್, ನನ್ನ ಮಗಳೂ ನನ್ನ ಥರಾನೇ ಹುಟ್ಟವ್ಳೆ. ಒಂದನೇ ಕ್ಲಾಸು. ಅವಳ ಬೆಂಚಲ್ಲಿ ಯಾರನ್ನೂ ಕೂರ್ಸಲ್ಲ. ಕೇಳಿದ್ರೆ, ಬೇರೆ ಮಕ್ಕಳ ತಾಯ್ತಂದೆ ಒಪ್ಪಲ್ಲ ಅಂತಾರೆ. ‘ಇದು ಅಂಟಲ್ಲ, ಇದಕ್ಕೆ ಕೆಲಸದಿಂದ ತೆಗೆಯೋ ಹಾಗಿಲ್ಲ’ ಅಂತ ಸರ್ಕಾರದ ಸೀಲು ಹಾಕಿ ಒಂದು ಕಾಗದ ಬಂದ್ರೆ ಅದು ನಂಗೂ ಬೇಕು. ಜೆರಾಕ್ಸ್ ಮಾಡಿಸಿ ಸ್ಕೂಲಲ್ಲಿ ಇಡ್ತೀನಿ."

"ನಂಗೂ ಒಂದು," ಎಂದ ಪೇಂಟ್ ಅಂಗಡಿಯವನು. "ನಮ್ಮನೆ ಮಾಲೀಕ್ರಿಗೆ."

"ನಂಗೆ ಹಾಸ್ಟೆಲ್‌ಗೆ," ಎಂದಳು ಅವನ ತಂಗಿ.

ಮುಂದೆ ಒಬ್ಬೊಬ್ಬರಾಗಿ ಹೇಳುತ್ತ ಹೋದರು. ನಾನು ಬರೆದುಕೊಳ್ಳುತ್ತ ಹೋದೆ. ಒಂದು ವರ್ಷದಿಂದ ತುಂಬುತ್ತಿದ್ದ ಸದಸ್ಯರ ನಮೂನೆಗಳಲ್ಲಿ ‘ಹಕ್ಕು ಉಲ್ಲಂಘನೆಯ ವಿವರ’ ಎಂಬ ಅಂಕಣದ ಎದುರು ನಾನು ಹೆಚ್ಚಿನವರ ಹೆಸರಿಗೆ ‘ಏನೂ ಇಲ್ಲ’ ಎಂದು ಬರೆದಿದ್ದೆ. ಕೇಳಿದಾಗ ಅವರು ಹಾಗೆಯೇ ಹೇಳಿದ್ದರು. ಅಧಿಕಾರಿ ತಾವೂ ಒಂದು ಹಾಳೆ ತೆಗೆದರು. ಹತ್ತು ನಿಮಿಷದಲ್ಲಿ ನಿರ್ಣಯ ಸಿದ್ಧವಾಯಿತು: ಆಲ್ಬಿನಿಸಂ ಸೋಂಕಲ್ಲವೆಂದು, ಆ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದೆಂದು ಅಧಿಕೃತ ಆದೇಶ ಪಡೆಯುವುದು ಈ ವರ್ಷದ ಮೊದಲ ಕೆಲಸ, ಅದಕ್ಕೆ ಈಗಿರುವ ಕೇಸನ್ನು ಕೊನೆಯವರೆಗೂ ನಡೆಸುವುದು.

"ಇದನ್ನು ನಾನು ಕಳಿಸಬಹುದು," ಎಂದರು ಅಧಿಕಾರಿ. "ಒಪ್ಪುವುದು ಬಿಡುವುದು ಅವರಿಗೆ. ನನ್ನ ಶಿಫಾರಸು ಬರೀತೇನೆ."

ಸಹಿಗೆ ಮೊದಲು ಕಾರ್ಯಕರ್ತೆ ನಿರ್ಣಯವನ್ನು ಸ್ಕೆಚ್ ಪೆನ್ನಿನಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ದಪ್ಪಗೆ ಬರೆದು ಗೋಡೆಗೆ ಅಂಟಿಸಿದಳು. ಹದಿಮೂರು ಜನವೂ ಎದ್ದು ಹೋಗಿ ಹತ್ತಿರ ನಿಂತು ಓದಿ ಬಂದು ಸಹಿ ಹಾಕಿದರು. ರೈಲಿನ ಹೊತ್ತು ನೆನಪಾಗಿ ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಆದರೂ ಬೇಗ ಎನ್ನಲಿಲ್ಲ. ಎಂಟೂ ಇಪ್ಪತ್ತಕ್ಕೆ ಅಧಿಕಾರಿ ಹಾಳೆಗಳನ್ನು ಚೀಲಕ್ಕೆ ಸೇರಿಸಿ ಆಟೋ ಹತ್ತಿದರು.

ಇನ್ನೊಂದು ಕೆಲಸ ಉಳಿದಿತ್ತು. ಗುರುವಾರದ ವಿಚಾರಣೆ ಬೆಳಿಗ್ಗೆ ಹನ್ನೊಂದೂವರೆಗೆ. ಅದನ್ನು ಸಂಜೆಗೆ ಬದಲಾಯಿಸಿ ಎಂದು ಕಾರ್ಮಿಕ ಅಧಿಕಾರಿಗೆ ಮನವಿ ಕೊಡಬೇಕು. ಮೇಜಿಗೆ ಕೂತು ಐದು ನಿಮಿಷದಲ್ಲಿ ಬರೆದೆ, ಆಸ್ಪತ್ರೆಯಲ್ಲಿ ನೂರಾರು ಸಲ ಬರೆದ ರೀತಿಯಲ್ಲೇ. ಹೆಣ್ಣುಮಗಳ ಕೈಗೆ ಪೆನ್ನು ಕೊಟ್ಟೆ. ಅವಳು ಪೆನ್ನು ಪಕ್ಕಕ್ಕಿಟ್ಟು ಹಾಳೆಯನ್ನು ಕಣ್ಣಿನ ಹತ್ತಿರ ತಂದು ಮೊದಲಿಂದ ಓದಿದಳು. ಎರಡನೆಯ ಸಾಲಿನಲ್ಲಿ ನಿಂತಳು.

"ಮೇಡಮ್, ಇದಕ್ಕೆ ನಾನು ಸೈನ್ ಹಾಕಲ್ಲ."

"ಯಾಕೆ?"

"‘ನನ್ನ ಕಾಯಿಲೆಯ ಕಾರಣದಿಂದ’ ಅಂತ ಬರ್ದಿದೀರ. ಕಾಯಿಲೆ ಅಲ್ಲ ಅಂತ ತಾನೇ ನಮ್ಮ ಕೇಸು? ಕಂಪನಿ ವಕೀಲ ಇದನ್ನೇ ಎತ್ತಿ ತೋರಿಸ್ತಾನೆ."

ಬೂತಿನವರು ಮೆಲ್ಲಗೆ ಕೆಮ್ಮಿದರು. ನಾನು ಆ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡೆ.

"ನೀನೇ ಹೇಳು. ಹೇಳಿದ ಹಾಗೆ ಬರೀತೀನಿ."

ಅವಳು ಒಂದೊಂದೇ ಮಾತು ನಿಧಾನವಾಗಿ ಹೇಳಿದಳು. ನಾನು ದಪ್ಪ ಅಕ್ಷರದಲ್ಲಿ ಬರೆದೆ: ‘ನಾನು ಹುಟ್ಟಿದ್ದೇ ಹೀಗೆ. ಹಗಲಿನ ಬಿಸಿಲು ನನ್ನ ಚರ್ಮಕ್ಕೆ ಆಗುವುದಿಲ್ಲ. ಸಂಜೆ ನಾಲ್ಕರ ಮೇಲೆ ಕರೆದರೆ ಬರುತ್ತೇನೆ. ಏನು ಕೇಳಿದರೂ ಉತ್ತರ ಹೇಳುತ್ತೇನೆ.’

ಅವಳು ಮತ್ತೊಮ್ಮೆ ಓದಿ ಸಹಿ ಹಾಕಿದಳು. ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ವಿಳಾಸ ಬರೆದೆ. ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರಬೇಕೆಂದು ಕಾರ್ಯಕರ್ತೆಯ ಕೈಗೆ ಒಪ್ಪಿಸಿದೆ. ಆಗ ಎಂಟು ನಲವತ್ತು.